ಹದಿನಾಲ್ಕು ಖಾನೆಯ ಲಕ್ಷ್ಮಿಕಾಂತ

ಜುಲೈ 1, ಸೋಮವಾರ

ಮೂವತ್ತನಾಲ್ಕು ವರ್ಷ ಕರಡು ತಿದ್ದಿದ ಕೈ ಇದು. ಶಿವಾಜಿನಗರದ ನಮ್ಮ ಅಚ್ಚುಕೂಟ ಮುಚ್ಚಿ ಎರಡು ವರ್ಷವಾಯಿತು. ಅರವತ್ತೊಂದನೆಯ ವಯಸ್ಸಿನಲ್ಲಿ, ಹಲಸೂರಿನಿಂದ ಮೆಟ್ರೊ ಹಿಡಿದು, ಇಂದು ಮಹದೇವಪುರದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿದೆ. ಹುದ್ದೆಯ ಹೆಸರು ಕನ್ನಡ ಕನ್ಸಲ್ಟೆಂಟ್. ಅವಧಿ ಒಂದು ತಿಂಗಳು. ನನ್ನ ಹೆಂಡತಿಯನ್ನು ಓಣಿಯವರೆಲ್ಲ ಪ್ರೇಮಕ್ಕ ಅನ್ನುತ್ತಾರೆ. ಕೇಳಿ ಕೇಳಿ ನನ್ನ ಬಾಯಿಗೂ ಅದೇ ಬಂದಿದೆ. ಅವಳು ಬಾಗಿಲಲ್ಲಿ ನಿಂತು, "ಅಲ್ಲಿ ಹೋಗಿ ಯಾರ ಮಾತಿನ್ಯಾಗೂ ತಪ್ಪು ಹುಡುಕಬ್ಯಾಡ್ರಿ. ಸಣ್ಣ ಹುಡುಗ್ರಿರ್ತಾವ" ಎಂದು ಬುದ್ಧಿ ಹೇಳಿ ಕಳಿಸಿದಳು.

ಇವರು ಬಟನ್ ಫೋನುಗಳಿಗೆ ಬೇಕಾದ ಸಾಫ್ಟ್‌ವೇರ್ ಮಾಡುತ್ತಾರೆ. ಸ್ಮಾರ್ಟ್‌ಫೋನ್ ಬಳಸದವರು ಅಂಕಿಯ ಬಟನ್ನು ಒತ್ತಿ ಕನ್ನಡದಲ್ಲೇ ಹೆಸರು ಬರೆದುಕೊಳ್ಳಬಹುದಂತೆ. ಉದ್ದೇಶ ಒಳ್ಳೆಯದೇ. ಆದರೆ ಫೋನಿನೊಳಗಿನ ಕನ್ನಡ ಕಂಡು ನನಗೆ ಕೂತಲ್ಲೇ ಬೆವರು ಬಂತು. ಹಿಂದಕ್ಕೆ ಹೋಗುವ ಬಟನ್ನಿಗೆ 'ಬೆನ್ನು' ಎಂದು ಬರೆದಿದ್ದಾರೆ. ಹೆಸರನ್ನು ಉಳಿಸು ಎನ್ನಬೇಕಾದಲ್ಲಿ 'ಹೆಸರನ್ನು ರಕ್ಷಿಸು' ಎಂದಿದೆ. ಹೆಸರೇನು ಕೆರೆಗೆ ಬಿದ್ದಿದೆಯೇ? ಮಧ್ಯಾಹ್ನದೊಳಗೆ ನಲವತ್ತೊಂದು ತಪ್ಪು ಹಿಡಿದೆ. ಮ್ಯಾನೇಜರ್ ಹಂಸ ಅವರು "ಸೂಪರ್ ಸಾರ್" ಎಂದರು.

ನನ್ನನ್ನು ನೌರೀನ್ ಎಂಬ ಹುಡುಗಿಯ ಪಕ್ಕ ಕೂರಿಸಿದ್ದಾರೆ. ನಾವು ಒತ್ತಿದ ಅಕ್ಷರ ಸಿಮ್ಮಿನೊಳಗೆ ಹೋಗಿ ಕೂರುವ ಹಾಗೆ ಮಾಡುವುದು ಆ ಹುಡುಗಿಯ ಕೆಲಸ. ಕಿವಿಗೆ ಏನೋ ಸಿಕ್ಕಿಸಿಕೊಂಡು ತಲೆ ಆಡಿಸುತ್ತ ಕೂತಿರುತ್ತದೆ. ನಾನು ಮಾತಾಡಿಸಲಿಲ್ಲ.

ಇಂದಿನ ತಪ್ಪುಗಳು: ಮೆಟ್ರೊ ಪಕ್ಕದ ಹೋಟೆಲಿನ ಬೋರ್ಡು, 'ಶುದ್ದ ಸಸ್ಯಹಾರಿ'. ಎರಡು ಪದಕ್ಕೆ ಎರಡು ತಪ್ಪು.

ಜುಲೈ 2, ಮಂಗಳವಾರ

ಆಫೀಸಿನಲ್ಲಿ ಚಹಾ ಮಾಡುವವಳು ಭೀಮಬಾಯಿ. ಯಾದಗಿರಿ ಕಡೆಯವಳು, ಗಂಡನೊಂದಿಗೆ ಕೆ.ಆರ್. ಪುರದಲ್ಲಿ ಬಾಡಿಗೆ ಕೋಣೆಯಲ್ಲಿದ್ದಾಳೆ. ಪರೀಕ್ಷೆಗೆಂದು ಅವಳಿಗೂ ಒಂದು ಹೊಸ ಫೋನು ಕೊಟ್ಟಿದ್ದಾರೆ. ತನ್ನ ಸಿಮ್ಮನ್ನು ಅದಕ್ಕೆ ಹಾಕಿಕೊಂಡು ನನ್ನ ಮೇಜಿಗೆ ಬಂದಳು.

"ಸರ್, ಅಂಗಡ್ಯಾಂವ ಎಲ್ಲಾ ಹೆಸರು ಇಂಗ್ಲಿಷ್‌ನ್ಯಾಗ ಹಾಕ್ಯಾನ್ರಿ. ನಾ ನಾಲ್ಕನೇತ್ತ ತನಕ ಕನ್ನಡ ಓದೀನಿ, ಎಬಿಸಿಡಿ ಎಲ್ಲಿ ತಿಳೀತದ? ಕೆಳಗಿಂದ ಮೂರನೇದ್ದು ತಮ್ಮ, ಐದನೇದ್ದು ಮನಿ ಮಾಲಕಿ ಅಂತ ನೆಪ್ಪಿಟ್ಟೀನಿ. ಹೊಸಾ ಹೆಸರು ಬಂದ್ರ ಎಲ್ಲಾ ಏರುಪೇರು."

ಇಂಥ ಕೆಲಸಕ್ಕೇ ಅಲ್ಲವೇ ನಾನಿರುವುದು! ಇಂಗ್ಲಿಷನ್ನೆಲ್ಲ ಅಳಿಸಿ, ಶಾಲೆಯಲ್ಲಿ ಹಾಕಿಸಿದ ಹೆಸರು ಏನೆಂದು ಕೇಳಿ ಕೇಳಿ, ಹನ್ನೊಂದು ಹೆಸರುಗಳನ್ನು ಶುದ್ಧ ಕನ್ನಡದಲ್ಲಿ ಬರೆದುಕೊಟ್ಟೆ. ಮಂಗಳೂರಿನಲ್ಲಿ ಗಾರೆ ಕೆಲಸ ಮಾಡುವ ಅವಳ ತಮ್ಮ 'ಲಕ್ಷ್ಮಿಕಾಂತ'. ಮನೆಯ ಮಾಲೀಕಳು 'ಲಕ್ಷ್ಮಕ್ಕ'. ಲ, ಕ, ಷ, ಮ ಅಕ್ಷರಗಳನ್ನು ಆ ಪುಟ್ಟ ಬಟನ್ನುಗಳಲ್ಲಿ ಹುಡುಕಿ ಒತ್ತುವಷ್ಟರಲ್ಲಿ ಹೆಬ್ಬೆರಳು ಊದಿತು. ಆದರೂ ಒಂದಕ್ಷರ ಬಿಡಲಿಲ್ಲ.

ಭೀಮಬಾಯಿ ನನಗೆ ಎರಡನೇ ಲೋಟ ಚಹಾ ಕೊಟ್ಟಳು. ಬೇರೆ ಯಾರಿಗೂ ಕೊಡಲಿಲ್ಲ.

ಇಂದಿನ ತಪ್ಪುಗಳು: ಲಿಫ್ಟಿನಲ್ಲಿ 'ಆರು ಜನರಿಗೆ ಮಾತ್ರಾ'.

ಜುಲೈ 4, ಗುರುವಾರ

'ಸಂಗನಬಸಪ್ಪ' ಎಂದು ನನ್ನ ಹೆಸರನ್ನೇ ಬರೆದು ಸಿಮ್ಮಿನಲ್ಲಿ ಉಳಿಸಿ, ಫೋನು ಆರಿಸಿ ಮತ್ತೆ ಹಚ್ಚಿದೆ. 'ಸಂಗನಬಸ' ಎಂದು ಬಂತು. ಅಪ್ಪ ಇಲ್ಲ. ಅಪ್ಪನನ್ನು ಯಾರೋ ತೆಗೆದಿದ್ದಾರೆ.

ಆ ಹುಡುಗಿಯನ್ನು ಮಾತಾಡಿಸಲೇಬೇಕಾಯಿತು. ನೌರೀನ್ ಕಿವಿಯದ್ದನ್ನು ತೆಗೆದು ತಾಳ್ಮೆಯಿಂದ ವಿವರಿಸಿದಳು. "ಸರ್, ಈ ಸಿಮ್ಮಲ್ಲಿ ಒಂದು ಹೆಸರಿಗೆ ಹದಿನಾಲ್ಕು ಖಾನೆ ಅಷ್ಟೇ. ಇಂಗ್ಲಿಷ್ ಅಕ್ಷರಕ್ಕೆ ಒಂದೊಂದು ಖಾನೆ ಸಾಕು. ಕನ್ನಡಕ್ಕೆ ಎರಡೆರಡು ಬೇಕು. ಮೊದಲನೇ ಖಾನೆ 'ಇದು ಇಂಗ್ಲಿಷಲ್ಲ' ಅಂತ ಗುರುತು ಹಾಕೋಕೆ ಹೋಗುತ್ತೆ. ಉಳಿದಿದ್ರಲ್ಲಿ ಆರೇ ಅಕ್ಷರ ಹಿಡಿಯೋದು."

"ನನ್ನ ಹೆಸರಲ್ಲಿರೋದೂ ಆರೇ ಅಲ್ಲವೇನಮ್ಮಾ? ಸಂ, ಗ, ನ, ಬ, ಸ, ಪ್ಪ."

"ನಿಮ್ಮ ಲೆಕ್ಕದಲ್ಲಿ ಆರು ಸರ್. ಸಿಮ್ ಲೆಕ್ಕದಲ್ಲಿ ಒಂಬತ್ತು. ಸೊನ್ನೆ ಬೇರೆ ಅಕ್ಷರ. ಪ್ಪ ಅಂದ್ರೆ ಒಂದು ಪ, ಅದನ್ನ ಅರ್ಧ ಮಾಡೋ ಗುರುತು, ಇನ್ನೊಂದು ಪ. ಮೂರು."

ಒತ್ತಕ್ಷರವನ್ನು ಬಿಚ್ಚಿ ಬೀದಿಗೆ ಹಾಕುವ ಈ ಲೆಕ್ಕವನ್ನು ನಾನು ಒಪ್ಪುವುದಿಲ್ಲವೆಂದು ಹೇಳಿದೆ. "ನಾನೂ ಒಪ್ಪಲ್ಲ ಸರ್, ಆದ್ರೆ ಸಿಮ್ ನನ್ನನ್ನ ಕೇಳಿಲ್ಲ" ಎಂದಳು.

ಮನೆಯಲ್ಲಿ ಪ್ರೇಮಕ್ಕನಿಗೆ ಹೇಳಿದರೆ, "ಅಪ್ಪ ಹೋದ್ರ ಹೋಗ್ಲಿ ಬಿಡ್ರಿ, ಬಸ್ಯಾ ಆದ್ರೂ ಉಳದಾನಲ್ಲ" ಎಂದು ರೊಟ್ಟಿ ಬಡಿಯುತ್ತಲೇ ನಕ್ಕಳು.

ಇಂದಿನ ತಪ್ಪುಗಳು: ನನ್ನ ಹೆಸರು.

ಜುಲೈ 5, ಶುಕ್ರವಾರ

ಫೋನು ಮಾರುವ ಕಂಪನಿಯಿಂದ ದೊಡ್ಡ ಅಧಿಕಾರಿಯೊಬ್ಬರು ಕೆಲಸ ಎಲ್ಲಿಗೆ ಬಂತೆಂದು ನೋಡಲು ಬಂದಿದ್ದರು. ದಾವಣಗೆರೆ ಕಡೆಯವರು, ಆಳೆತ್ತರ, ಗಂಭೀರ. ಹಂಸ ಅವರು ಉತ್ಸಾಹದಿಂದ "ಸಾರ್, ನಿಮ್ಮ ಹೆಸರನ್ನೇ ಸೇವ್ ಮಾಡಿ ತೋರಿಸ್ತೀವಿ" ಎಂದರು. ಅವರ ಹೆಸರು ವಿರೂಪಾಕ್ಷಪ್ಪ.

ನಾನು ಬೆರಳು ಮಡಚಿ ಎಣಿಸಿದೆ. ತಡೆಯುವಷ್ಟರಲ್ಲಿ ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಮೂಡಿಯೇಬಿಟ್ಟಿತು: 'ವಿರೂಪಾ'.

ಅಧಿಕಾರಿಗಳು ಕನ್ನಡಕ ಸರಿಮಾಡಿಕೊಂಡು ಓದಿ, ತಮ್ಮ ಅಂಗಿಯನ್ನೊಮ್ಮೆ ನೋಡಿಕೊಂಡು, "ಅಷ್ಟೇನೂ ಇಲ್ಲಪ್ಪ ನಾನು" ಎಂದರು. ಇಪ್ಪತ್ತಾರಕ್ಕೆ ಮತ್ತೆ ಬರುತ್ತಾರಂತೆ.

ಇಂದಿನ ತಪ್ಪುಗಳು: ಬೇರೆ ನೋಡಲು ಮನಸ್ಸಾಗಲಿಲ್ಲ.

ಜುಲೈ 10, ಬುಧವಾರ

ಅನಾಹುತವಾಗಿದೆ.

ಭೀಮಬಾಯಿಯ ತಮ್ಮ ಮುಂದಿನ ತಿಂಗಳು ಹೆಂಡತಿಯನ್ನು ಕರೆದುಕೊಂಡು ಬಂದು ವಾರವಿರುವವನಿದ್ದ. ಎರಡು ದಿನದ ಮೇಲೆ ನೆಂಟರಿದ್ದರೆ ನೀರು ಸಾಲುವುದಿಲ್ಲವೆಂದು ಮಾಲೀಕಳು ಲಕ್ಷ್ಮಕ್ಕ ತಕರಾರು ತೆಗೆದಿದ್ದಾಳೆ. ನಿನ್ನೆ ಸಂಜೆ ಭೀಮಬಾಯಿ ಕೆ.ಆರ್. ಪುರದ ತೂಗುಸೇತುವೆಯ ಕೆಳಗೆ, ಬಸ್ಸುಗಳ ಹಾರನ್ನಿನ ನಡುವೆ ನಿಂತು ತಮ್ಮನಿಗೆ ಫೋನು ಹಚ್ಚಿದಳು.

"ನೀವು ಬರ್ಕೊಟ್ಟಿದ್ರಾಗ 'ಲಕ್ಷ್ಮ' ಅಂತ ಎರಡು ಸಲ ಇತ್ರಿ ಸರ್. ಮರ್ತು ಎರಡು ಸಲ ಬರ್ದೀರಿ ಅನ್ಕೊಂಡು ಮ್ಯಾಲಿಂದು ಒತ್ತೀನಿ."

ಮೇಲಿನದು ಲಕ್ಷ್ಮಕ್ಕ.

ಆಚೆಯ ದನಿ ಕೇಳಿಸದಿದ್ದರೂ ಭೀಮಬಾಯಿ ಮೂರು ನಿಮಿಷ ಒಂದೇ ಸಮನೆ ಮಾತಾಡಿದ್ದಾಳೆ. ಏನೆಂದಳೆಂದು ಕೇಳಿದೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಹೇಳಿದಳು: "ನೀ ಬಾರೋ, ಆ ಮುದುಕಿಗಿ ಏನು ಹೆದರ್ತಿ? ಬಾಯಾಗ ಹಲ್ಲಿಲ್ಲ, ಕಿವಿ ಕೇಳ್ಸಂಗಿಲ್ಲ, ನೀರಿನ ವಾಲ್ವಿನ ಕೀಲಿ ಸೊಂಟಕ್ಕ ಕಟ್ಕೊಂಡು ಮಲಗ್ತಾಳ, ಸತ್ರ ಅದನ್ನೂ ಸಂಗಟ ಒಯ್ತಾಳ ಅಂತಂದೀನ್ರಿ."

ಅಷ್ಟರಲ್ಲಿ ಹಾರನ್ನುಗಳು ನಿಂತು, ಫೋನಿನೊಳಗಿಂದ ಸ್ಪಷ್ಟವಾಗಿ ಕೇಳಿತಂತೆ: "ಮುಗೀತೇನಮ್ಮಾ? ಇನ್ನೂ ಏನಾನ ಐತಾ?"

ತಿಂಗಳ ಕೊನೆಗೆ ಕೋಣೆ ಖಾಲಿ ಮಾಡಬೇಕು.

ಇದು ಸಿಮ್ಮಿನ ಮಿತಿ, ಇದರಲ್ಲಿ ನನ್ನ ತಪ್ಪಿಲ್ಲ ಎಂದು ಅವಳಿಗೆ ವಿವರಿಸಿದೆ. ವಿವರಣೆ ಸರಿಯಾಗಿಯೇ ಇತ್ತು. ಅವಳು ಪೂರ್ತಿ ಕೇಳಿಸಿಕೊಂಡು ಲೋಟ ತೊಳೆಯಲು ಹೋದಳು.

ಜುಲೈ 11, ಗುರುವಾರ

ಚಹಾ ಎಲ್ಲರಿಗೂ ಬಂತು. ನನಗೂ ಬಂತು. ಸಕ್ಕರೆ ಇರಲಿಲ್ಲ.

ಅಚ್ಚಾಗಿ ಬಂದ ಹಾಳೆಯನ್ನು ಇನ್ನೊಮ್ಮೆ ನೋಡದೆ ನಾನು ಯಾವತ್ತೂ ಕೆಳಗಿಟ್ಟವನಲ್ಲ. ಭೀಮಬಾಯಿಗೆ ಹೆಸರು ಬರೆದುಕೊಟ್ಟ ಆ ಫೋನನ್ನು ಮಾತ್ರ ಮತ್ತೆ ತೆರೆದು ನೋಡಿರಲಿಲ್ಲ.

ಜುಲೈ 13, ಶನಿವಾರ

ನೌರೀನಳೊಂದಿಗೆ ಕೆ.ಆರ್. ಪುರಕ್ಕೆ ಹೋಗಿದ್ದೆ. "ಅಕ್ಷರ ಕತ್ತರಿಸಿದ್ದು ನಾನು ಬರೆದ ಕೋಡ್ ಸರ್, ನಾನೂ ಬರ್ತೀನಿ" ಎಂದು ಅವಳೇ ಹೊರಟಳು. ಮಾರ್ಕೆಟ್ಟಿನ ಹಿಂದೆ ಒಂದೇ ಸಾಲಿಗೆ ಹತ್ತು ಕೋಣೆ, ಕೊನೆಯಲ್ಲಿ ಲಕ್ಷ್ಮಕ್ಕನ ಮನೆ. ಎಪ್ಪತ್ತು ದಾಟಿದ ಗಟ್ಟಿ ಹೆಂಗಸು. ಸೊಂಟದಲ್ಲಿ ಕೀಲಿ ಇತ್ತು.

ಭೀಮಬಾಯಿಯ ಫೋನಿನಲ್ಲಿ ಎರಡು 'ಲಕ್ಷ್ಮ'ಗಳನ್ನು ತೋರಿಸಿ, ಹದಿನಾಲ್ಕು ಖಾನೆಯ ಕಥೆಯನ್ನೆಲ್ಲ ಹೇಳಿದೆ. ಆಕೆ ಕಣ್ಣು ಕಿರಿದು ಮಾಡಿಕೊಂಡು ಕೇಳಿದಳು.

"ಹೆಸ್ರು ತಪ್ಪಾಗಿರಬೋದು ಸಾಮಿ. ಬೈದಿದ್ದು ತಪ್ಪಾಗ್ಲಿಲ್ವಲ್ಲ? ನಂಗೇ ಬೈದ್ಲಲ್ಲ?"

ನಾನು ಫೋನನ್ನು ಕೆಳಗಿಳಿಸಿದೆ.

"ಕೀಲಿ ಸೊಂಟಕ್ಕೆ ಕಟ್ಕಂಡು ಮಲಗ್ತೀನಿ, ದಿಟ. ಕಿವಿ ಕೇಳ್ಸಲ್ಲ ಅಂದ್ಲು, ಎಲ್ಲಾ ಕೇಳಿಸ್ತು. ಹಲ್ಲಿಲ್ಲ ಅಂದ್ಲು. ನೋಡಿ!" ಎಂದು ಬಾಯಿ ತೆರೆದು ನನ್ನ ಮುಖದ ಹತ್ತಿರ ತಂದಳು. ಕೆಳಗಡೆ ಆರು ಇದ್ದವು. ನೌರೀನ್ ಗೋಡೆಯ ಕಡೆ ತಿರುಗಿ ಕೆಮ್ಮಿದಳು.

ಆಮೇಲೆ ಲಕ್ಷ್ಮಕ್ಕ ತನ್ನ ಬಟನ್ ಫೋನನ್ನೂ ತಂದಳು. ಅದರಲ್ಲೂ ಎಲ್ಲ ಇಂಗ್ಲಿಷೇ. ಅವಳಿಗೂ ಅದು ಓದಲು ಬರುವುದಿಲ್ಲ, ಕನ್ನಡವಾದರೆ ಅಕ್ಷರ ಕೂಡಿಸಿ ಓದುತ್ತಾಳಂತೆ. "ನನ್ನ ಹೆಸ್ರು ಪೂರ್ತಿ ಬರಂಗೆ ಮಾಡ್ಕಂಡು ಬನ್ನಿ. ಲಕ್ಷ್ಮ ಅಂತೆ ಲಕ್ಷ್ಮ! ಅಕ್ಕ ಎಲ್ಲೋದ್ಲು? ಅಕ್ಕ ಬಂದ್ರೆ ಭೀಮಬಾಯಿ ಇರ್ತಾಳೆ. ಬರ್ನಿಲ್ವಾ, ಮೂವತ್ತೊಂದಕ್ಕೆ ಖಾಲಿ" ಎಂದಳು.

ನಾನು ಕ್ಷಮೆಯನ್ನೇನೂ ಕೇಳಲಿಲ್ಲ. ಹೊರಡುವಾಗ ಕೈ ಮುಗಿದು "ತಪ್ಪು ನಂದೇ ತಾಯಿ" ಎಂದು ಎರಡು ಸಲ ಹೇಳಿದೆ, ಅಷ್ಟೇ.

ಜುಲೈ 15, ಸೋಮವಾರ

ಹಂಸ ಅವರನ್ನು ಕೇಳಿದೆ. ಅವರು ಒಳ್ಳೆಯವರು, ಆದರೆ ಅವರಿಗೂ ಇಪ್ಪತ್ತಾರನೇ ತಾರೀಖಿನ ಭಯ. "ಸಾರ್, ಸಿಮ್ ನಾವು ಮಾಡಿದ್ದಲ್ಲ. ಖಾನೆ ಜಾಸ್ತಿ ಮಾಡಕ್ಕಾಗಲ್ಲ. 'ಹೆಸರು ಚಿಕ್ಕದಾಗಿ ಬರೆಯಿರಿ' ಅಂತ ಫೋನಿನ ಜೊತೆ ಕೊಡೋ ಪುಸ್ತಕದಲ್ಲಿ ಒಂದು ಸಾಲು ಹಾಕ್ಬಿಡಿ" ಎಂದರು.

ಆ ಸಾಲು ಬರೆಯುವುದಿಲ್ಲ ಎಂದೆ. ಗಟ್ಟಿಯಾಗಿಯೇ ಎಂದೆನೆಂದು ಕಾಣುತ್ತದೆ. ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಭೀಮಬಾಯಿ ಹಾಗೇ ಹಿಂದಕ್ಕೆ ಹೋದಳು.

ಜುಲೈ 18, ಗುರುವಾರ

ಸಿಮ್ಮಿನೊಳಗೆ ಹೆಸರು ಹೇಗೆ ಕೂತಿರುತ್ತದೆ, ಒಮ್ಮೆ ಕಾಗದದ ಮೇಲೆ ತೋರಿಸು ಎಂದು ನೌರೀನಳನ್ನು ಕೇಳಿದೆ. ಪರದೆಯಲ್ಲಿ ನನಗೆ ಏನೂ ಕಾಣುವುದಿಲ್ಲ. ಕಾಗದವಾದರೆ ಕಣ್ಣು ತಾನಾಗಿ ಓಡುತ್ತದೆ. ಅವಳು ಇಪ್ಪತ್ತು ಹೆಸರುಗಳನ್ನು ಸಿಮ್ಮಿನ ಭಾಷೆಯಲ್ಲಿ ಮುದ್ರಿಸಿಕೊಟ್ಟಳು. ಬರೀ ಅಂಕಿ ಮತ್ತು ಇಂಗ್ಲಿಷ್ ಅಕ್ಷರ. ಒಂದೂ ತಿಳಿಯಲಿಲ್ಲ. ಅಭ್ಯಾಸಬಲ, ಕೆಂಪು ಪೆನ್ನು ತೆಗೆದುಕೊಂಡು ತಿದ್ದುತ್ತ ಕೂತೆ.

ಅರ್ಧ ಗಂಟೆಯಾದ ಮೇಲೆ ಅವಳು ಬಗ್ಗಿ ನೋಡಿ, "ಸರ್, ಏನಿದು? ಪೂರ್ತಿ ಕೆಂಪು ಮಾಡಿದ್ದೀರಿ!" ಎಂದಳು.

"ನೋಡಮ್ಮಾ, ಪುನರುಕ್ತಿ. ಪ್ರತಿ ಅಕ್ಷರದ ಮುಂದೂ 'ಸೊನ್ನೆ ಸಿ, ಸೊನ್ನೆ ಸಿ' ಎಂದು ಇದೆ. ಇಂಥದ್ದು ನನ್ನ ಕೈಗೆ ಬಂದರೆ ಮೊದಲನೆಯದು ಬಿಟ್ಟು ಉಳಿದದ್ದೆಲ್ಲ ಹೊಡೆದು ಹಾಕುತ್ತೇನೆ."

"ಅಯ್ಯೋ ಸರ್, ಅದು ಕನ್ನಡದ ವಿಳಾಸ. ಕನ್ನಡದ ಅಕ್ಷರ ಎಲ್ಲಾ ಒಂದೇ ಬೀದೀಲಿವೆ ಅನ್ಕೊಳ್ಳಿ. ಸೊನ್ನೆ ಸಿ ಬೀದಿ ಹೆಸರು, ಆಮೇಲಿಂದು ಮನೆ ನಂಬರು."

"ಒಂದೇ ಬೀದಿಯವರಾದರೆ ಬೀದಿಯ ಹೆಸರನ್ನು ಒಂದು ಸಲ ಬರೆದರೆ ಸಾಲದೇ?"

ಅವಳು ನಕ್ಕಳು. ಆಮೇಲೆ ನಗು ನಿಂತಿತು. ಕಾಗದವನ್ನೇ ನೋಡುತ್ತ "ಒಂದ್ನಿಮಿಷ ಸರ್" ಎಂದವಳು ಎರಡು ಗಂಟೆ ಮಾತಾಡಲಿಲ್ಲ. ಸಿಮ್ಮಿನ ನಿಯಮಗಳ ದಪ್ಪ ಪುಸ್ತಕವೊಂದಿದೆಯಂತೆ, ಅದನ್ನು ಪರದೆಯಲ್ಲಿ ಮೇಲೆ ಕೆಳಗೆ ಓಡಿಸಿದಳು. ಕೊನೆಗೆ ಕುರ್ಚಿಯಲ್ಲೇ ಗರ್ರನೆ ತಿರುಗಿದಳು.

"ಇದೆ ಸರ್! ಆವಾಗ್ಲೇ ಇದೆ! ಬೀದಿ ಹೆಸರು ಒಂದೇ ಸಲ ಬರೆಯೋ ಇನ್ನೊಂದು ವಿಧಾನ ಇದೇ ಪುಸ್ತಕದಲ್ಲಿದೆ. ನಾವು ಯಾರೂ ಓದೇ ಇಲ್ಲ. ಒಂದು ಖಾನೆ ಗುರುತಿಗೆ, ಒಂದು ಎಷ್ಟು ಅಕ್ಷರ ಅನ್ನೋಕೆ, ಒಂದು ಬೀದಿಗೆ. ಉಳಿದಿದ್ದು ಹನ್ನೊಂದು. ಹನ್ನೊಂದು ಅಕ್ಷರ ಸರ್!"

ಇಬ್ಬರೂ ಒಟ್ಟಿಗೆ ಬೆರಳು ಮಡಚಿ ಎಣಿಸಿದೆವು. ಲಕ್ಷ್ಮಕ್ಕ ಒಂಬತ್ತು. ಸಂಗನಬಸಪ್ಪ ಒಂಬತ್ತು. ಲಕ್ಷ್ಮಿಕಾಂತ ಸರಿಯಾಗಿ ಹನ್ನೊಂದು.

ಜುಲೈ 22, ಸೋಮವಾರ

ನೌರೀನ್ ಶನಿವಾರ, ಭಾನುವಾರವೂ ಕೂತು ಬರೆದು ಮುಗಿಸಿದ್ದಾಳೆ. ಹೊಸ ರೀತಿಯಲ್ಲಿ ಉಳಿಸಿದ ಹೆಸರು ಬೇರೆಯವರ ಹಳೆಯ ಫೋನಿನಲ್ಲೂ ಕಾಣಬೇಕಲ್ಲ? ಅದಕ್ಕೇ ಸಂಜೆ ಶಿವಾಜಿನಗರದಲ್ಲಿ ಅವಳ ಅಣ್ಣ ಮೊಹ್ಸಿನ್‌ನ ರಿಪೇರಿ ಅಂಗಡಿಗೆ ಹೋದೆವು. ನಾನು ಮೂವತ್ತನಾಲ್ಕು ವರ್ಷ ದುಡಿದ ಅಚ್ಚುಕೂಟಕ್ಕೂ ಆ ಅಂಗಡಿಗೂ ಎರಡೇ ಗಲ್ಲಿ. ಆ ಕಡೆ ಒಂದು ದಿನವೂ ಕಾಲಿಟ್ಟಿರಲಿಲ್ಲ.

ಐದು ಹಳೆಯ ಫೋನುಗಳಿಗೆ ಸಿಮ್ಮು ಹಾಕಿ ಹಾಕಿ ನೋಡಿದೆವು. ನಾಲ್ಕರಲ್ಲಿ 'ಲಕ್ಷ್ಮಿಕಾಂತ' ಕಾಂತನ ಸಮೇತ ಬಂದ. ಐದನೆಯದು ಬರೀ ಚೌಕ ತೋರಿಸಿತು. ಮೊಹ್ಸಿನ್, "ಅದನ್ನ ಬಿಡಿ ಸಾಬ್, ಅದು ಟೈಮೂ ಸರಿಯಾಗಿ ತೋರ್ಸಲ್ಲ" ಎಂದ. ಮೇಲಿನ ಮನೆಯಿಂದ ಅವರ ತಾಯಿ ಹಾಲಿಲ್ಲದ ಸುಲೈಮಾನಿ ಚಹಾ ಕಳಿಸಿದರು. ನಮ್ಮ ನೌರೀನ್ ಆರು ಸಲ ಫೋನು ಆರಿಸಿ ಹಚ್ಚಿ ನೋಡಿದಳು. ಇವಳು ಅಚ್ಚುಕೂಟದಲ್ಲಿದ್ದಿದ್ದರೆ ಒಳ್ಳೆಯ ಕರಡು ತಿದ್ದುವವಳಾಗುತ್ತಿದ್ದಳು.

ಜುಲೈ 24, ಬುಧವಾರ

ಮತ್ತೆ ಕೆ.ಆರ್. ಪುರ. ಲಕ್ಷ್ಮಕ್ಕ ನಾವು ಒಯ್ದ ಫೋನಿನ ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. "ಲ... ಕ್ಷ್ಮ... ಕ್ಕ. ಬಂದ್ಳು ನೋಡಿ ಅಕ್ಕ!" ಆಮೇಲೆ ಬಾಗಿಲ ಮರೆಯಲ್ಲಿದ್ದ ಭೀಮಬಾಯಿಗೆ, "ಏಯ್, ಇನ್ಮೇಲೆ ಬೈಯೋವಾಗ ಹೆಸ್ರು ನೋಡ್ಕಂಡು ಬೈ" ಎಂದಳು. ತಮ್ಮ ಬಂದರೆ ನಾಲ್ಕು ದಿನ ಇರಬಹುದಂತೆ. ಭೀಮಬಾಯಿ ಆರು ಎಂದಳು. ಐದಕ್ಕೆ ನಿಂತಿತು.

ಪರೀಕ್ಷೆಯ ಫೋನೊಂದನ್ನೇ ನಾವು ಅವಳಿಗೆ ಕೊಟ್ಟಿದ್ದೆವು. ಅದರಲ್ಲಿ ಲಕ್ಷ್ಮಕ್ಕನ ಮೂವತ್ತೊಂದು ಹೆಸರುಗಳನ್ನು ಬರೆದುಕೊಟ್ಟು ಬಂದೆ. ಪ್ರತಿ ಹೆಸರನ್ನೂ ಮತ್ತೆ ತೆರೆದು ನೋಡಿದೆ. ಮನೆಗೆ ಹೋಗುವಷ್ಟರಲ್ಲಿ ರೊಟ್ಟಿ ತಣ್ಣಗಾಗಿತ್ತು. ಪ್ರೇಮಕ್ಕ ನನ್ನ ಹೆಬ್ಬೆರಳಿಗೆ ಅರಿಸಿನ ಹಚ್ಚಿದಳು.

ಜುಲೈ 26, ಶುಕ್ರವಾರ

ದೊಡ್ಡ ಅಧಿಕಾರಿಗಳು ಬಂದರು. ಹಂಸ ಅವರು ಲಕ್ಷ್ಮಿಕಾಂತನನ್ನು ತೋರಿಸಿದರು, ಸಂಗನಬಸಪ್ಪನನ್ನು ತೋರಿಸಿದರು. ಅಪ್ಪ ಮರಳಿ ಬಂದದ್ದನ್ನು ಗೋಡೆಯ ಮೇಲೆ ಅಷ್ಟು ದೊಡ್ಡದಾಗಿ ಕಂಡು ನಾನು ಕರವಸ್ತ್ರ ತೆಗೆಯಬೇಕಾಯಿತು, ಎಸಿಯ ಥಂಡಿಗೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಅಧಿಕಾರಿಗಳು ಕೈ ಚಾಚಿ "ಕೊಡಿ ಇಲ್ಲಿ" ಎಂದು ತಮ್ಮ ಹೆಸರನ್ನು ತಾವೇ ಒತ್ತಿದರು.

ನೌರೀನ್ ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ವಿರೂಪಾಕ್ಷಪ್ಪ, ಹನ್ನೆರಡು.

ಪರದೆಯಲ್ಲಿ ಬಂತು: 'ವಿರೂಪಾಕ್ಷಪ್'. ಸೀನು ಬಂದು ಅರ್ಧಕ್ಕೆ ನಿಂತ ಹಾಗೆ.

ಹಂಸ ಅವರು ಪರದೆ ಆರಿಸಲು ರಿಮೋಟು ಹುಡುಕತೊಡಗಿದರು. ನನಗೆ ಏನು ತೋಚಿತೋ, ಎದ್ದು ನಿಂತು, "ಸಾರ್, ನಿಮ್ಮನ್ನು ಮನೆಯಲ್ಲಿ ಏನಂತ ಕರೀತಿದ್ರು?" ಎಂದುಬಿಟ್ಟೆ.

ಅಷ್ಟು ದೊಡ್ಡ ಮನುಷ್ಯ, ನೆಲ ನೋಡುತ್ತ, ಮೆಲ್ಲಗೆ "ಪಕ್ಕಿ" ಎಂದರು. "ನಮ್ಮವ್ವ ಕರೀತಿದ್ಲು. ಈಗ ಹಂಗೆ ಕರೆಯೋರು ಯಾರೂ ಇಲ್ಲ."

ನೌರೀನ್ ಆ ಹೆಸರನ್ನು ಒತ್ತಿ ಉಳಿಸಿದಳು. ಗೋಡೆಯ ತುಂಬ 'ಪಕ್ಕಿ' ಎಂದು ಬಂತು. ಅವರು ತುಸು ಹೊತ್ತು ನೋಡಿ, ತಮ್ಮ ಫೋನು ತೆಗೆದು ಪರದೆಯ ಚಿತ್ರ ಹಿಡಿದುಕೊಂಡರು. ಕೆಲಸ ಒಪ್ಪಿಗೆಯಾಯಿತು. ಹನ್ನೊಂದು ದಾಟಿದರೆ ಉಳಿಸುವ ಮೊದಲೇ ಎಚ್ಚರಿಸಬೇಕು ಎಂಬ ಒಂದು ಷರತ್ತು ಹಾಕಿದರು. ನ್ಯಾಯವಾದದ್ದೇ. ಆ ಎಚ್ಚರಿಕೆಯ ಸಾಲನ್ನು ನಾನೇ ಬರೆದುಕೊಟ್ಟೆ: 'ಹೆಸರು ಉದ್ದವಾಯಿತು'. ಎರಡೇ ಪದ. ಹಂಸ ಅವರು ಇನ್ನೂ ಚಿಕ್ಕದು ಬೇಡವೆಂದರು.

ಜುಲೈ 31, ಬುಧವಾರ

ಕೊನೆಯ ದಿನ. ಹಂಸ ಅವರು ಸೆಪ್ಟೆಂಬರಿನಲ್ಲಿ ತೆಲುಗು ಫೋನಿನ ಕೆಲಸಕ್ಕೂ ಬನ್ನಿ ಎಂದರು. ತೆಲುಗು ಬರುವುದಿಲ್ಲ ಎಂದೆ. "ತೆಲುಗು ಅಕ್ಷರದ ಬೀದಿ ನಮ್ಮ ಪಕ್ಕದ್ದೇ ಸರ್, ಬನ್ನಿ" ಎಂದಳು ನೌರೀನ್.

ಹೊರಡುವ ಮುಂಚೆ ಭೀಮಬಾಯಿಯ ಫೋನನ್ನು ಕೇಳಿ ತೆಗೆದುಕೊಂಡೆ. ಹಳೆಯ 'ಲಕ್ಷ್ಮ' ಎರಡೂ ಅದರಲ್ಲಿ ಹಾಗೇ ಇದ್ದವು. ಹೊಸ ಸಾಫ್ಟ್‌ವೇರ್ ಹಾಕಿಸಿ, ಎರಡನ್ನೂ ಅಳಿಸಿ, ಬರೆಯಲು ಕೂತವನು, "ತಮ್ಮನಿಗೆ ನೀನು ಏನಂತ ಕರೀತೀಯಮ್ಮಾ?" ಎಂದು ಕೇಳಿದೆ.

ಅವಳಿಗೆ ನಾಚಿಕೆಯಾಯಿತು. "ಲಕ್ಯಾ ಅಂತೀನ್ರಿ. ಲಕ್ಷ್ಮಿಕಾಂತ ಅಂತ ಒಂದಿನಾನೂ ಕರ್ದಿಲ್ಲ. ನೀವು ಅದನ್ನ ಬರ್ದಾಗ ಯಾರೋ ಸಾಹೇಬ್ರ ಹೆಸರು ಅನಿಸ್ತು."

'ಲಕ್ಯಾ' ಎಂದು ಬರೆದೆ. ಕೊನೆಗೆ ದೀರ್ಘ ಬೇಕೇ, ಸಾಕೇ ಎಂದು ಕೇಳಿದೆ.

"ಇರ್ಲಿ ಬಿಡ್ರಿ ಸರ್" ಎಂದಳು. "ದೂರ ಇರ್ತಾನ. ಕರಿಯುವಾಗ ಎಳೀಬೇಕಾಗ್ತದ."